ಕಾವೇರಿ ಕಂದರದಲ್ಲಿ ಒಂದು ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಿವನಸಮುದ್ರ, ಮುತ್ತತ್ತಿ, ಮೇಕೆದಾಟು ಕಡೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ನಡಿಗೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಮಾಡಿದ್ದೇವೆ.

ಜುಲೈ ಕೊನೆಗೆ ಕೆಆರ್‌ಎಸ್ ಕಟ್ಟೆ ತುಂಬುತ್ತದೆ, ಜಲಪಾತವೂ ಭೋರ್ಗರೆಯುತ್ತಿರುತ್ತದೆ. ಆಗ ಗಗನಚುಕ್ಕಿಯಲ್ಲಿ ಇಳಿದು ಹೊಳೆ ದಂಡೆಯಲ್ಲೇ ನಡೆದು ಭರಚುಕ್ಕಿಗೆ ಹೋಗಬೇಕೆಂದಿದ್ದೇವೆ. ಎಷ್ಟು ಗಂಟೆ ಬೇಕು?
– ಕುವೆಂಪುನಗರ, ಮೈಸೂರು

ಅಂಥ ದಾರಿಯೇ ಇಲ್ಲ. ಶಿವನಸಮುದ್ರದ ನಡುಗಡ್ಡೆಯ ಹತ್ತಿರ ಕಾವೇರಿ ಎರಡು ಕವಲಾಗುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ ಕವಲು ಭರಚುಕ್ಕಿ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸತ್ತೇಗಾಲದ ಸೇತುವೆ ಸುತ್ತಿಕೊಂಡು ರಸ್ತೆಯಲ್ಲಿ ಹದಿನೈದು ಕಿ.ಮೀ. ಆಸುಪಾಸು ಹೋಗಬೇಕು. ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಗೋಪುರದಿಂದ ನೋಡುವುದೇ ಸರಿ. ಎದುರು ದಡದಲ್ಲಿ, ದರ್ಗಾ ಇರುವ ಕಡೆಯಿಂದ, ಬಂಡೆಗಳ ಮೇಲೆ ಇಳಿದು ನೀರಿನ ಬಾಯಿಯವರೆಗೆ ಹೋಗುವವರಿದ್ದಾರೆ. ನೀವು ಅವರ ಹಿಂದೆ ಹೋಗಬೇಡಿ. ಭರಚುಕ್ಕಿಯಲ್ಲಿ ಬುಡದವರೆಗೆ ಮೆಟ್ಟಿಲಿದೆ, ಆದರೆ ಹೊಳೆ ತುಂಬಿದಾಗ ಅದನ್ನು ಮುಚ್ಚುತ್ತಾರೆ.

ಯೋಜನೆಯ ಬುಡದಲ್ಲೇ ಒಂದು ಮಾತು ಇತ್ಯರ್ಥವಾಗಬೇಕು: ಜಲಪಾತ ನೋಡುವ ತಿಂಗಳು ಬೇರೆ, ಕಂದರದಲ್ಲಿ ನಡೆಯುವ ತಿಂಗಳು ಬೇರೆ. ಜುಲೈ–ಆಗಸ್ಟ್‌ನಲ್ಲಿ ಮೇಲೆ ನಿಂತು ನೋಡಿ. ಹೊಳೆಯ ಪಕ್ಕ ನಡೆಯುವುದಿದ್ದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಸೆಪ್ಟೆಂಬರ್, ಅಕ್ಟೋಬರ್ ನೋಡಲು ಹದವಾಗಿ ಕಂಡರೂ ನಮ್ಮ ಮೈಸೂರು–ಮಂಡ್ಯದ ಗುಡುಗು ಮಳೆ ಸಂಜೆ ಹೊತ್ತಿಗೇ ಬರುವುದು, ಅಂದರೆ ನೀವು ಕಂದರದಿಂದ ವಾಪಸಾಗುವ ಹೊತ್ತಿಗೇ. ಮಾರ್ಚ್ ದಾಟಿದರೆ ಬಂಡೆ ಕಾದ ಹಂಚು. ಜಲಪಾತವೂ ಸೊರಗಿರುತ್ತದೆ. ಬಿಸಿಲು ಅದಕ್ಕೆ ಒಂದು ಕಾರಣವಷ್ಟೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಡಲು ಶುರುವಾದ ಇಲ್ಲಿನ ಪವರ್‌ಹೌಸಿಗೆ ಜಲಪಾತದ ಮೇಲ್ಗಡೆಯೇ ಕಟ್ಟೆ ಹಾಕಿ ಕಾಲುವೆಗೆ ನೀರು ತಿರುಗಿಸುತ್ತಾರೆ. ಹೊಳೆಯಲ್ಲಿ ನೀರು ಕಡಿಮೆಯಾದಷ್ಟೂ ಬಂಡೆಯ ಮೇಲಿಂದ ಬೀಳುವ ಪಾಲು ಕಡಿಮೆ. ಆ ಕಾಲುವೆಯ ನೀರು ಪವರ್‌ಹೌಸ್ ದಾಟಿ ಮತ್ತೆ ಹೊಳೆಗೇ ಸೇರುತ್ತದೆ. ಅಲ್ಲಿಂದ ಕೆಳಗೆ ಉತ್ಪಾದನೆ ಹೆಚ್ಚು ಕಡಿಮೆಯಾದಂತೆ ಮಳೆಯ ಸುಳಿವೇ ಇಲ್ಲದೆ ನೀರಿನ ಮಟ್ಟ ಬದಲಾಗಬಹುದು.

ಪತ್ರಿಕೆಯಲ್ಲಿ ದಿನವೂ ಕೆಆರ್‌ಎಸ್ ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ ಬರುತ್ತದೆ. ಎಷ್ಟಿದ್ದರೆ ಹೋಗಬಹುದು?
– ಶ್ರೀರಂಗಪಟ್ಟಣ, ಇದೇ ಪ್ರಶ್ನೆ ಬನ್ನೂರಿನಿಂದಲೂ

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 10,000 ಕ್ಯೂಸೆಕ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ 2.8 ಲಕ್ಷ ಲೀಟರ್. ಇಷ್ಟರೊಳಗಿದ್ದರೆ ಕ್ಷೇಮ ಎಂಬ ಗೆರೆ ನಾವು ಎಳೆದುಕೊಡುವುದಿಲ್ಲ. ಕಾರಣ ಇಷ್ಟೆ: ತಲಕಾಡಿನ ಮರಳಿನಲ್ಲಿ ಹರಡಿಕೊಂಡು ಮೊಣಕಾಲುದ್ದ ಹರಿಯುವ ಅದೇ ನೀರು ಮೇಕೆದಾಟಿನ ಬಂಡೆಗಳ ಸಂದಿಗೆ ಬಂದಾಗ ಅಗಲಕ್ಕೆ ಹೋಗಲಾರದೆ ಎತ್ತರಕ್ಕೆ ಏರುತ್ತದೆ. ಸಂಖ್ಯೆ ಒಂದೇ ಇದ್ದರೂ ಜಾಗಕ್ಕೆ ತಕ್ಕಂತೆ ಅದರ ಅರ್ಥ ಬೇರೆ.

ಹೊರಹರಿವಿನ ಸಂಖ್ಯೆಯಲ್ಲಿ ನಾಲೆಗಳ ಪಾಲೂ ಸೇರಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ಹೋದ ನೀರು ಶಿವನಸಮುದ್ರದ ಬಂಡೆ ಕಾಣುವುದಿಲ್ಲ. ‘ನದಿಗೆ ಬಿಟ್ಟದ್ದು’ ಎಂದು ಬೇರೆ ಬರೆದಿದ್ದರೆ ಆ ಸಂಖ್ಯೆ ಹಿಡಿಯಿರಿ.

ಹೆಚ್ಚಿನವರು ಮರೆಯುವುದು ಕಬಿನಿಯನ್ನು. ಬೀಚನಹಳ್ಳಿ ಕಟ್ಟೆಯಿಂದ ಬಿಟ್ಟ ನೀರು ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಕೆಆರ್‌ಎಸ್‌ನಲ್ಲಿ ಇನ್ನೂ 110 ಅಡಿ ಇದೆ, ತುಂಬಲು 124.80 ಆಗಬೇಕು, ಗೇಟು ತೆಗೆದಿಲ್ಲ ಎಂದು ಧೈರ್ಯವಾಗಿ ಹೊರಡುತ್ತಾರೆ. ಅತ್ತ ವಯನಾಡಿನಲ್ಲಿ ಮಳೆ ಹೊಡೆದು ಕಬಿನಿ ತುಂಬಿ ಹರಿಯುತ್ತಿರುತ್ತದೆ. ಕಬಿನಿ ಚಿಕ್ಕ ಕಟ್ಟೆ, ಬೇಗ ತುಂಬುತ್ತದೆ, ಬೇಗ ಬಿಡುತ್ತಾರೆ. ಆದ್ದರಿಂದ ನರಸೀಪುರದ ಕೆಳಗೆ ಎಲ್ಲಿಗೆ ಹೋದರೂ ಎರಡು ಕಟ್ಟೆಗಳ ಸಂಖ್ಯೆ ಕೂಡಿಸಿ ನೋಡಿ. ಬಿಟ್ಟ ನೀರು ಕೆಳಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಇವತ್ತು ಬೆಳಗಿನ ಸಂಖ್ಯೆಯೊಂದನ್ನೇ ನೋಡಿ ಹೊರಟರೆ ನಿನ್ನೆ ಬಿಟ್ಟದ್ದು ಇವತ್ತು ನಿಮ್ಮ ಕಾಲಡಿಗೆ ಬಂದಿರುತ್ತದೆ. ಹಿಂದಿನ ಎರಡು ದಿನದ್ದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಇಳಿಯುತ್ತಿದೆ ಅಥವಾ ನಿಂತಲ್ಲೇ ನಿಂತಿದೆ ಎಂದಾದರೆ ಮುಂದಿನ ಯೋಚನೆ ಮಾಡಿ. ಏರುತ್ತಿದ್ದರೆ, ಸಂಖ್ಯೆ ಎಷ್ಟೇ ಸಣ್ಣದಿರಲಿ, ವೀಕ್ಷಣಾ ಗೋಪುರಕ್ಕೆ ಹೋಗಿ ನೋಡಿಕೊಂಡು ಬನ್ನಿ.

ಇನ್ನೆರಡು ಹೊಳೆಗಳಿವೆ. ಶಿಂಷೆ ತುಮಕೂರು ಕಡೆಯಿಂದ ಮದ್ದೂರು, ಮಳವಳ್ಳಿ ತಾಲ್ಲೂಕು ಹಾದು ಶಿವನಸಮುದ್ರದ ಕೆಳಗೆ ಕಾವೇರಿ ಸೇರುತ್ತದೆ. ಅದರ ಮೇಲಿರುವ ಮಾರ್ಕೋನಹಳ್ಳಿ ಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ಕಟ್ಟೆ ತುಂಬಿದಾಗ ಯಾರೂ ಗೇಟು ಎತ್ತದೆ ತಾನಾಗಿ ನೀರು ಹೊರಬೀಳುತ್ತದೆ. ಮುತ್ತತ್ತಿಗೆ ಹೋಗುವವರು ಅಕ್ಟೋಬರ್‌ನಲ್ಲಿ ಕುಣಿಗಲ್ ಕಡೆ ಮಳೆ ಹೇಗಿದೆ ಎಂದು ಕೇಳಿಕೊಳ್ಳುವುದು ಇದಕ್ಕೇ. ಇನ್ನೊಂದು ಅರ್ಕಾವತಿ. ಅದರ ಮೇಲೆ ಹಾರೋಬೆಲೆ ಕಟ್ಟೆ ಇದೆ. ಅದು ಕಾವೇರಿ ಸೇರುವ ಜಾಗವೇ ಸಂಗಮ. ಮೇಕೆದಾಟಿಗೆ ಹೋಗುವಾಗ ಅಲ್ಲಿ ನೀವು ದಾಟಬೇಕಾದ ಹೊಳೆ ಅದೇ.

ನಾವು ಎಂಟು ಜನ ಹುಡುಗರು, ಎಲ್ಲರೂ ಬೈಕ್‌ನಲ್ಲಿ ಬರುತ್ತೇವೆ. ಸಂಗಮದಿಂದ ಮೇಕೆದಾಟಿಗೆ ನಡೆದು ಹೋಗಿ ಬರಲು ಪ್ಲಾನ್ ಹಾಕಿಕೊಡಿ ಸಾರ್.
– ಮಂಡ್ಯ

ಈ ಭಾಗದಲ್ಲಿ ಹೊಳೆ ಕಂದರದ ಪಕ್ಕ ನಿಜವಾಗಿ ಒಂದು ದಿನದ ನಡಿಗೆ ಎನ್ನಬಹುದಾದದ್ದು ಇದೇ. ಮಳವಳ್ಳಿ, ಹಲಗೂರು, ಸಾತನೂರು ದಾಟಿ ಕನಕಪುರ ಕಡೆಯ ಸಂಗಮದ ರಸ್ತೆ ಹಿಡಿಯಬೇಕು. ಮಂಡ್ಯದಿಂದ ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಐದೂವರೆಗೆ ಹೊರಟರೆ ತಿಂಡಿ ಮುಗಿಸಿ ಒಂಬತ್ತರ ಒಳಗೆ ಸಂಗಮದಲ್ಲಿರುತ್ತೀರಿ. ಅಲ್ಲಿಂದ ಮೇಕೆದಾಟಿಗೆ ಹೋಗುವಾಗ ನಾಲ್ಕು ಕಿ.ಮೀ., ಬರುವಾಗ ನಾಲ್ಕು. ಕಾಡಿನ ಮಣ್ಣು ರಸ್ತೆ, ನೆರಳು ಕಡಿಮೆ. ಒಂದು ಕಡೆಗೆ ಒಂದೂಕಾಲು ಗಂಟೆ ಸಾಕು. ಇದು ಕಾವೇರಿ ವನ್ಯಜೀವಿ ಧಾಮದ ಜಾಗ. ಹೋಗುವ ವಾರದಲ್ಲಿ ಪ್ರವೇಶ ಇದೆಯೇ, ಎಷ್ಟು ಗಂಟೆಯೊಳಗೆ ಹೊರಬರಬೇಕು ಎಂದು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ರಸ್ತೆ ಬಿಟ್ಟು ಕಾಡೊಳಗೆ ನುಗ್ಗುವ ‘ಒಳದಾರಿ’ ತೋರಿಸುವವರು ಸಿಗುತ್ತಾರೆ, ಬೇಡ ಎನ್ನಿ.

ಮೇಕೆದಾಟಿನಲ್ಲಿ ರಸ್ತೆ ಮುಗಿದ ಮೇಲೆ ಬಂಡೆಗಳ ಮೇಲೆ ಇಳಿಯಬೇಕು. ಲೆಕ್ಕ ತಪ್ಪುವುದು ಇಲ್ಲೇ. ರಸ್ತೆಯಲ್ಲಿ ಗಂಟೆಗೆ ನಾಲ್ಕು ಕಿ.ಮೀ. ನಡೆಯುವವರು ಬಂಡೆಯ ಮೇಲೆ ಒಂದು ಕಿ.ಮೀ. ದಾಟಿದರೆ ಹೆಚ್ಚು. ಎಂಟು ಜನರಿದ್ದರೆ ಅದೂ ಇಲ್ಲ, ಪ್ರತಿ ಏರಿಳಿತದಲ್ಲೂ ಏಳು ಜನ ಒಬ್ಬರಿಗಾಗಿ ಕಾಯಬೇಕು. ಬಂಡೆಯ ಭಾಗಕ್ಕೆ ಒಂದು ಗಂಟೆ ಮೀಸಲಿಡಿ, ಹನ್ನೊಂದೂವರೆಗೆ ಎಲ್ಲಿದ್ದರೂ ಹಿಂತಿರುಗಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಅರ್ಕಾವತಿಯನ್ನು ಮರಳಿ ದಾಟಿರಬೇಕು.

ಆ ದಾಟುವಿಕೆಯ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ಕಣಕಾಲು ಮುಳುಗುವಷ್ಟಿರಬಹುದು, ಮಳೆಗಾಲದಲ್ಲಿ ತೆಪ್ಪ ಬೇಕಾಗಬಹುದು, ತೆಪ್ಪವೂ ನಿಂತಿರಬಹುದು. ಬೆಳಿಗ್ಗೆ ದಾಟುವ ಮೊದಲು ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು ಫೋಟೊ ತೆಗೆದುಕೊಳ್ಳಿ. ಹತ್ತು ನಿಮಿಷದಲ್ಲಿ ಆ ಕಲ್ಲು ನೀರಿನೊಳಗೆ ಹೋಗಿದ್ದರೆ ಹೊಳೆ ಏರುತ್ತಿದೆ, ದಾಟಬೇಡಿ. ದಾಟಿಬಿಟ್ಟಿದ್ದರೆ ತಕ್ಷಣ ಮರಳಿ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ ಸಲೀಸಾಗಿ ದಾಟಿದ ಜಾಗದಲ್ಲಿ ಮಧ್ಯಾಹ್ನ, ಆಳ ಅಷ್ಟೇನೂ ಹೆಚ್ಚದಿದ್ದರೂ, ಉರುಳಿಬೀಳುವುದು ಅದಕ್ಕೆ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ಅಲ್ಲಿ ದಾಟುವ ಮಾತು ಬಿಡಿ. ದಾಟುವಾಗ ಮುಖ ನೀರು ಬರುವ ಕಡೆಗಿರಲಿ, ಕೈಯಲ್ಲಿ ಗಟ್ಟಿ ಕೋಲಿರಲಿ, ಕೋಲು ಮತ್ತು ಎರಡು ಕಾಲು ಈ ಮೂರರಲ್ಲಿ ಒಂದು ಸಲಕ್ಕೆ ಒಂದೇ ಕದಲಲಿ. ಬ್ಯಾಗಿನ ಸೊಂಟದ ಬಕಲ್ ಬಿಚ್ಚಿಡಿ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮಾತ್ರ ಇಳಿಯಬೇಡಿ. ಜಾರಿದಾಗ ಹಗ್ಗ ಬಿಗಿದು ನೀರು ನಿಮ್ಮನ್ನು ತಳಕ್ಕೆ ಒತ್ತಿಹಿಡಿಯುತ್ತದೆ.

ಸಂಗಮದಿಂದ ಮೇಕೆದಾಟಿಗೆ ಒಮ್ಮೊಮ್ಮೆ ಬಸ್ ಓಡುತ್ತದೆ. ಅದನ್ನು ನೆಚ್ಚಿಕೊಂಡು ವಾಪಸಿನ ಲೆಕ್ಕ ಹಾಕಬೇಡಿ.

ಬಂಡೆ ಮೇಲೆ ನಡೆಯಲು ಯಾವ ಶೂ? ಟ್ರೆಕ್ಕಿಂಗ್ ಶೂ ಅಂತ ದುಬಾರಿಯದ್ದೇ ಬೇಕಾ?
– ಪಾಂಡವಪುರ

ಬೇಡ. ಅಡಿ ಮೆತ್ತನೆಯ ರಬ್ಬರ್ ಇರಬೇಕು, ಹಿಮ್ಮಡಿ ಹಿಡಿದಿರಬೇಕು, ಅಷ್ಟೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಗಟ್ಟಿ ಪ್ಲಾಸ್ಟಿಕ್ ಅಡಿಯ ಶೂ ಒಣ ಬಂಡೆಯ ಮೇಲೂ ಜಾರುತ್ತದೆ. ಹವಾಯಿ ಚಪ್ಪಲಿಯಲ್ಲಿ ಕಾಲು ಒದ್ದೆಯಾದ ಕೂಡಲೇ ಪಾದವೇ ಚಪ್ಪಲಿಯೊಳಗೆ ಜಾರುತ್ತದೆ. ಬರಿಗಾಲು ಹಿಡಿತ ಕೊಟ್ಟರೂ ಹನ್ನೊಂದು ಗಂಟೆಯ ಮೇಲೆ ಬಂಡೆ ಕಾದಿರುತ್ತದೆ, ಒಡೆದ ಬಾಟಲಿ ಚೂರುಗಳೂ ಇರುತ್ತವೆ.

ಎಂಥ ಶೂ ಆದರೂ ಪಾಚಿಯ ಮೇಲೆ ನಿಲ್ಲದು. ನೀರು ಇಳಿದ ಮೇಲೆ ಬಂಡೆಯ ಮೇಲೊಂದು ಕಪ್ಪು ಪೊರೆ ಒಣಗಿ ಉಳಿಯುತ್ತದೆ. ಒಣಗಿದ್ದಾಗ ಅದು ಏನೂ ಮಾಡುವುದಿಲ್ಲ. ಮುಂದಿನವರ ಒದ್ದೆ ಶೂ ತಾಗಿದರೆ ಸಾಕು, ಹಿಂದಿನವರಿಗೆ ಅದು ಎಣ್ಣೆ. ಸಾಲಾಗಿ ನಡೆಯುವಾಗ ಬೀಳುವುದು ಮೂರನೆಯವರೋ ನಾಲ್ಕನೆಯವರೋ ಆಗಿರುವುದು ಇದರಿಂದಲೇ. ತಿಳಿಬಣ್ಣದ, ಒರಟು ಬಂಡೆ ಹುಡುಕಿ ಕಾಲಿಡಿ. ಬಂಡೆಯಲ್ಲಿ ಉರುಟಾದ ಗುಂಡಿಗಳೂ ಇವೆ. ಸುಳಿಯಲ್ಲಿ ಸಿಕ್ಕ ಕಲ್ಲುಗಳು ತಿರುಗಿ ತಿರುಗಿ ಕೊರೆದವು. ಕೆಲವು ಆಳುದ್ದ ಇರುತ್ತವೆ, ಮೇಲೆ ಗೇಣು ನೀರಿದ್ದಂತೆ ಕಾಣುತ್ತದೆ. ತಳ ಕಾಣದ ನೀರಿಗೆ ಕೋಲಿಟ್ಟು ನೋಡದೆ ಕಾಲಿಡಬೇಡಿ.

ನಾವು ನಾಲೆಯಲ್ಲೇ ಈಜಿ ಬೆಳೆದವರು. ನೀರಿಗಿಳಿಯಬೇಡಿ ಎಂಬ ಬೋರ್ಡು ಈಜು ಬಾರದ ಪಟ್ಟಣದವರಿಗೆ ಅಲ್ಲವೇ?
– ಮದ್ದೂರು

ಅಲ್ಲ. ಮುತ್ತತ್ತಿಯಂಥ ಕಡೆ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದಾರೆ. ನಾಲೆಯ ನೀರು ಒಂದೇ ದಿಕ್ಕಿಗೆ, ಒಂದೇ ಆಳದಲ್ಲಿ ಹೋಗುತ್ತದೆ. ಸೋತರೆ ತೇಲಿಕೊಂಡು ಮುಂದೆ ಹೋಗಿ ಮೆಟ್ಟಿಲು ಹಿಡಿಯಬಹುದು. ಬಂಡೆಗಳ ನಡುವಿನ ಹೊಳೆಯಲ್ಲಿ ಮೇಲೆ ಒಂದು ಹರಿವು, ಅಡಿಯಲ್ಲಿ ಇನ್ನೊಂದು. ಬಂಡೆಯ ಅಡಿ ನೀರು ನುಸುಳಿ ಹೋಗುವ ಸಂದಿಗಳಿರುತ್ತವೆ. ನೀರು ನುಸುಳುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ.

ಜಲಪಾತದ ಬುಡದ ನೊರೆ ನೀರಂತೂ ಈಜಿಗೆ ಒದಗುವುದೇ ಇಲ್ಲ. ಅದರಲ್ಲಿ ಗಾಳಿ ಬೆರೆತಿರುವುದರಿಂದ ತೇಲಿಸುವ ಶಕ್ತಿ ಕಡಿಮೆ. ಕೈಕಾಲು ಬಡಿದರೂ ಮೈ ಮೇಲೇಳದು. ಬೀಳುವ ನೀರು ತಳ ಮುಟ್ಟಿ, ಹೊರಗೆ ಹೋಗಿ, ಮೇಲೆ ಬಂದು, ಮತ್ತೆ ಜಲಪಾತದ ಕಡೆಗೇ ಮರಳುತ್ತದೆ. ಅದರೊಳಗೆ ಸಿಕ್ಕವರನ್ನೂ ಹಾಗೆಯೇ ತಿರುಗಿಸುತ್ತದೆ. ಬಲಮುರಿಯಂಥ ಒಡ್ಡಿನ ಅಡಿಯಲ್ಲೂ ನಡೆಯುವುದು ಇದೇ. ಒಡ್ಡು ಆಳೆತ್ತರ ಕೂಡ ಇಲ್ಲವಲ್ಲ ಎನ್ನಿಸುತ್ತದೆ. ಜಲಪಾತದಲ್ಲಾದರೆ ಬಂಡೆ ಅಂಕುಡೊಂಕಾಗಿರುವುದರಿಂದ ಎಲ್ಲೋ ಒಂದು ಕಡೆ ನೀರು ಹೊರಕ್ಕೆ ಬಿಡುತ್ತದೆ. ಒಡ್ಡು ನೇರವಾಗಿರುವುದರಿಂದ ಈ ಸುತ್ತು ದಡದಿಂದ ದಡಕ್ಕೆ ಒಂದೇ ಸಮನಾಗಿ ಇರುತ್ತದೆ, ತಪ್ಪಿಸಿಕೊಳ್ಳಲು ಪಕ್ಕದ ದಾರಿ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಜನ ಅಸಡ್ಡೆ ಮಾಡುವುದೂ, ಹೆಚ್ಚು ಹೆದರಬೇಕಾದದ್ದೂ ಇಂಥ ಗಿಡ್ಡ ಒಡ್ಡುಗಳನ್ನೇ.

ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಒಬ್ಬರನ್ನು ಎಳೆಯಲು ಹೋಗಿ ಮೂವರು ಹೋದ ಸುದ್ದಿ ಓದಿದ್ದೀರಿ. ಐದು ಲೀಟರಿನ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ 15 ಮೀಟರ್ ನೈಲಾನ್ ಹಗ್ಗ ಕಟ್ಟಿ ಒಯ್ಯಿರಿ. ತಳದಲ್ಲಿ ಒಂದು ಲೋಟದಷ್ಟು ನೀರು ಬಿಟ್ಟರೆ ಎಸೆದಾಗ ಗಾಳಿಗೆ ತೇಲಿಹೋಗದೆ ಗುರಿ ಮುಟ್ಟುತ್ತದೆ. ಎಸೆಯುವವರು ಕೂತು ಅಥವಾ ಮಲಗಿ ಎಳೆಯಬೇಕು, ನಿಂತು ಎಳೆದರೆ ಅವರೂ ಒಳಗೆ. ನೀರಿನಲ್ಲಿರುವವರು ಅಂಗಾತ ಮಲಗಿ ಕಾಲನ್ನು ಹರಿವಿನ ಮುಂದಕ್ಕೆ ಚಾಚಿಕೊಳ್ಳಬೇಕು. ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. 112ಕ್ಕೆ ಕರೆ ಮಾಡಿ. ಕಂದರದ ಒಳಗೆ ಸಿಗ್ನಲ್ ಸಿಗದಿರಬಹುದು, ಒಬ್ಬರನ್ನು ಮೇಲಕ್ಕೆ ಓಡಿಸಿ.

ಇದೆಲ್ಲದರ ಮೇಲೆ ಈ ಹೊಳೆಯಲ್ಲಿ ಮೊಸಳೆಗಳಿವೆ.

ಒಂಬತ್ತು ವರ್ಷದ ಮಗ, ಮಂಡಿನೋವಿರುವ ಅತ್ತೆಯವರು ಜೊತೆಗಿರುತ್ತಾರೆ. ನಮಗೆ ಯಾವುದು ಹೊಂದುತ್ತದೆ?
– ಸರಸ್ವತಿಪುರಂ, ಮೈಸೂರು

ಮೊದಲು ಗಗನಚುಕ್ಕಿಯ ವೀಕ್ಷಣಾ ಗೋಪುರ, ಆಮೇಲೆ ನಡುಗಡ್ಡೆಯ ಮಧ್ಯರಂಗನ ದರ್ಶನ, ಕೊನೆಗೆ ಭರಚುಕ್ಕಿ. ಅಲ್ಲಿ ಅತ್ತೆಯವರು ಮೇಲೆಯೇ ಕೂತು ನೋಡಬಹುದು, ಇಡೀ ಜಲಪಾತ ಕಾಣುತ್ತದೆ. ಮೆಟ್ಟಿಲು ತೆರೆದಿದ್ದರೆ ಮಗನ ಜೊತೆ ಒಬ್ಬರು ಇಳಿಯಿರಿ. ಮಂಡಿಗೆ ಹೆಚ್ಚು ಪೆಟ್ಟು ಇಳಿಯುವಾಗ, ‘ಇಳಿದು ಬಿಡ್ತೀನಿ, ಹತ್ತೋದೇ ಕಷ್ಟ’ ಎಂದರೆ ಒಪ್ಪಬೇಡಿ. ಇಷ್ಟು ದೂರ ಬೇಡವೆಂದರೆ ಕೆ.ಆರ್. ನಗರದ ಕಡೆ ಚುಂಚನಕಟ್ಟೆ ಇದೆ. ರಾಮದೇವರ ಗುಡಿ, ಪಕ್ಕದಲ್ಲೇ ಕಾವೇರಿ ಧುಮುಕುವುದು. ಅದು ಕೆಆರ್‌ಎಸ್‌ಗಿಂತ ಮೇಲೆ ಇರುವುದರಿಂದ ಕೊಡಗಿನಲ್ಲಿ ಮಳೆ ಹಿಡಿದ ಕೂಡಲೇ ತುಂಬುತ್ತದೆ, ಕಟ್ಟೆ ತುಂಬುವವರೆಗೆ ಕಾಯಬೇಕಿಲ್ಲ. ಮಗುವಿನ ಕೈಯನ್ನಲ್ಲ, ಮಣಿಕಟ್ಟನ್ನು ಹಿಡಿಯಿರಿ. ಒದ್ದೆ ಕೈ ಜಾರುತ್ತದೆ.

ಬುತ್ತಿಗೆ ಏನು ಕಟ್ಟಬೇಕು, ನೀರು ಎಷ್ಟು ಹೊರಬೇಕು?
– ಮಳವಳ್ಳಿ

ಚಳಿಗಾಲದಲ್ಲಿ ತಲೆಗೆ ಎರಡು ಲೀಟರ್, ಫೆಬ್ರುವರಿ ಕಳೆದರೆ ಮೂರು. ಹೊಳೆ ಪಕ್ಕದಲ್ಲೇ ಇದೆಯಲ್ಲ ಎಂದುಕೊಂಡು ಹೋಗಬೇಡಿ, ಮೇಲಿನ ಊರುಗಳ ಕೊಳೆಯೆಲ್ಲ ಅದರಲ್ಲೇ ಬರುವುದು. ಒಬ್ಬೊಬ್ಬರೂ ಅವರವರ ನೀರನ್ನು ಅವರೇ ಹೊರಲಿ. ಒಂದೇ ದೊಡ್ಡ ಕ್ಯಾನಿದ್ದರೆ ಅದನ್ನು ಹೊತ್ತವನು ಹಿಂದೆ ಉಳಿಯುತ್ತಾನೆ, ಮುಂದೆ ಹೋದವರು ಬಾಯಾರುತ್ತಾರೆ. ಬೆವರು ಹೆಚ್ಚಾದಾಗ ಬರೀ ನೀರು ಸಾಲದು. ಓಆರ್‌ಎಸ್ ಪ್ಯಾಕೆಟ್ ಇರಲಿ, ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಕೈಅಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಕೆಡುಕೇ.

ಊಟಕ್ಕೆ ಪುಳಿಯೋಗರೆ ಮೊದಲು. ಹುಣಸೆಹಣ್ಣು, ಎಣ್ಣೆ ಇರುವುದರಿಂದ ಸಂಜೆವರೆಗೆ ಕೆಡುವುದಿಲ್ಲ. ಅನ್ನ ಆರಿಸಿ ಕಲಸಬೇಕು, ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಬೆವೆತು ಹಳಸುತ್ತದೆ. ಮೊಸರನ್ನ ಬೇಕೇ ಬೇಕೆಂದರೆ ಹಾಲಿನಲ್ಲಿ ಕಲಸಿ ಒಂದು ಚಮಚ ಮೊಸರು ಹಾಕಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಗಿರುತ್ತದೆ. ಕಾಯಿಚಟ್ನಿ ಬೇಡ, ಚಟ್ನಿಪುಡಿ ಇರಲಿ. ನಡುನಡುವೆ ಬಾಯಾಡಿಸಲು ಹುರಿದ ಕಡಲೆಕಾಯಿ ಬೀಜ, ಬೆಲ್ಲ. ಗಗನಚುಕ್ಕಿಯ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಒಳಗೇನಿದೆ ಎಂದು ನೋಡುವ ಮೊದಲೇ ಕಿತ್ತುಕೊಳ್ಳುತ್ತವೆ. ಎಲ್ಲವೂ ಜಿಪ್ ಇರುವ ಬ್ಯಾಗಿನೊಳಗಿರಲಿ.

ಆನೆ, ಹೆಜ್ಜೇನು ಇವುಗಳ ಭಯ ಎಷ್ಟರ ಮಟ್ಟಿಗೆ ನಿಜ?
– ಕೊಪ್ಪ, ಮದ್ದೂರು ತಾಲ್ಲೂಕು

ಮುತ್ತತ್ತಿ, ಸಂಗಮದ ಕಡೆ ಆನೆಗಳು ನೀರಿಗೆ ಬರುವುದು ಹೆಚ್ಚಾಗಿ ಸಂಜೆ, ಬೆಳಗಿನ ಜಾವ. ನಾಲ್ಕು ಗಂಟೆಗೆ ಕಾಡಿನ ರಸ್ತೆಯಿಂದ ಹೊರಗಿದ್ದರೆ ಆ ಚಿಂತೆ ಮುಕ್ಕಾಲು ಪಾಲು ಕಳೆಯಿತು. ಹಸಿ ಲದ್ದಿ ಕಂಡರೆ ಮುಂದೆ ಹೋಗದೆ ಹಿಂದಿರುಗಿ.

ಹೆಜ್ಜೇನು ಹೆಚ್ಚು ನಿಜ, ಅದರ ಬಗ್ಗೆ ಕೇಳುವವರೇ ಕಡಿಮೆ. ಕಡಿದಾದ ಬಂಡೆಯ ಚಾಚಿನ ಅಡಿಯಲ್ಲಿ ಅರ್ಧಚಂದ್ರದಂಥ ಕಪ್ಪು ಜೇನುಹುಟ್ಟು ಇದ್ದರೆ ಅದರ ಕೆಳಗೆ ಊಟಕ್ಕೆ ಕೂರಬೇಡಿ, ಬೆಂಕಿ ಹೊಗೆ ಮಾಡಬೇಡಿ, ಸೆಂಟು ಹಾಕಿಕೊಂಡು ಹೋಗಬೇಡಿ. ಎದ್ದು ಬಂದರೆ ಮುಖ, ಕತ್ತು ಬಟ್ಟೆಯಿಂದ ಮುಚ್ಚಿಕೊಂಡು ಓಡಿ, ಕೈ ಬೀಸಬೇಡಿ. ನೀರಿಗೆ ಹಾರಿದರೆ ಪಾರಾಗುತ್ತೇವೆ ಎಂಬ ನಂಬಿಕೆ ಇದೆ. ತಲೆ ಎತ್ತುವವರೆಗೆ ಅವು ಮೇಲೆಯೇ ಕಾಯುತ್ತಿರುತ್ತವೆ, ಕೆಳಗೆ ಸುಳಿ ಬೇರೆ. ಮುಳ್ಳನ್ನು ಆದಷ್ಟು ಬೇಗ ಉಗುರಿನಿಂದಲೋ ಎಟಿಎಂ ಕಾರ್ಡಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಉಸಿರು ಕಟ್ಟುವುದು, ತುಟಿ, ನಾಲಿಗೆ ಊದುವುದು, ತಲೆಸುತ್ತು ಕಂಡರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ.

ಬಸ್ಸಿನಲ್ಲೇ ಹೋಗಿ ಬರಬಹುದೇ?
– ತಿ. ನರಸೀಪುರ

ಶಿವನಸಮುದ್ರಕ್ಕೆ ಆಗುತ್ತದೆ. ಮೈಸೂರಿನಿಂದ ಮಳವಳ್ಳಿಗೂ ಕೊಳ್ಳೇಗಾಲಕ್ಕೂ ಬಸ್ಸುಗಳಿವೆ, ಅಲ್ಲಿಂದ ಮುಂದೆ ಬಸ್ಸೋ ಆಟೊವೋ ಹಿಡಿಯಬೇಕು. ಕೇಳುವಾಗ ಶಿವನಸಮುದ್ರ ಎನ್ನುವ ಬದಲು ‘ಬ್ಲಫ್’ ಎಂದರೂ ಕಂಡಕ್ಟರಿಗೆ ಗೊತ್ತಾಗುತ್ತದೆ. ಆದರೆ ಗಗನಚುಕ್ಕಿಯ ವೀಕ್ಷಣಾ ಗೋಪುರಕ್ಕೆ ಹೋಗುವುದೋ ಭರಚುಕ್ಕಿಗೋ ಎಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ತಪ್ಪು ದಡದಲ್ಲಿ ಇಳಿಯುತ್ತೀರಿ. ಆಟೊಗೆ ಕಾಯುವ ಹೊತ್ತು ಸೇರಿಸಿ ಎರಡೂ ಜಾಗಕ್ಕೆ ಒಟ್ಟು ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಬೆಳಿಗ್ಗೆ ಇಳಿದ ಸ್ಟ್ಯಾಂಡಿನಲ್ಲೇ ಕೇಳಿ, ಅದರ ಹಿಂದಿನ ಬಸ್ಸಿಗೆ ಬನ್ನಿ. ಸಂಗಮ, ಮುತ್ತತ್ತಿಗೆ ಸ್ವಂತ ಗಾಡಿ ಇಲ್ಲದೆ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡುವುದು ಒಳ್ಳೆಯದು.